ಹೆಣದ ಪಾತ್ರದ ಸೋಮಲಿಂಗ

ನಾಶಿಕದ ನಮ್ಮ ಕನ್ನಡ ಸಂಘಕ್ಕೆ ವರ್ಷಕ್ಕೊಮ್ಮೆ ಯಾರನ್ನಾದರೂ ಹಿಡಿದು ಶಾಲು ಹೊದಿಸದಿದ್ದರೆ ಸಮಾಧಾನವಿಲ್ಲ. ರಾಜ್ಯೋತ್ಸವಕ್ಕೆ ಮೂರು ವಾರ ಇರುವಾಗ ಹುಡುಕಾಟ ಶುರುವಾಗುತ್ತದೆ. ವರ್ಗವಾಗಿ ಬಂದು ವರ್ಗವಾಗಿ ಹೋಗುವ ಬ್ಯಾಂಕಿನವರು, ಅಂಚೆಯವರು, ರೈಲ್ವೆಯವರು ಸೇರಿ ಕಟ್ಟಿಕೊಂಡ ಸಂಘದಲ್ಲಿ ಸಾಧಕರು ಎಷ್ಟು ಜನ ಸಿಕ್ಕಾರು? ಇದ್ದ ನಾಲ್ಕು ಮಂದಿಗೆ ಎರಡೆರಡು ಸಲ ಶಾಲು ಹೊದಿಸಿ ಆಗಿತ್ತು. ಈ ಸಲ ಅಧ್ಯಕ್ಷರಾದ ಪ್ರಭಾಕರರಾಯರು ಸಭೆಯಲ್ಲಿ ಎದ್ದು ನಿಂತು, “ಹಿರಿಯ ಚಿತ್ರನಟ ಸೋಮಲಿಂಗ ಅವರಿಗೆ ಸನ್ಮಾನ ಮಾಡೋಣು. ನಲವತ್ತೈದು ವರ್ಷದ ಕಲಾಸೇವಾ ಅವರದು” ಅಂದರು. ನಾನು ನಕ್ಕುಬಿಟ್ಟೆ. ನಕ್ಕ ತಪ್ಪಿಗೆ ಅವನ ಜೀವನ ಪರಿಚಯವನ್ನು ಎರಡು ಪುಟದಲ್ಲಿ ಬರೆದು ಕೊಡುವ ಕೆಲಸ ನನ್ನ ಕೊರಳಿಗೇ ಬಿತ್ತು.

ನಾನು ಅರವಿಂದ ಕುಲಕರ್ಣಿ, ಧಾರವಾಡದವನು, ಇಲ್ಲಿಯ ಸಾತಪುರ ಬಡಾವಣೆಯ ಒಂದು ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಳ್ಳುತ್ತೇನೆ. ಜನರಿಗೆ ಇಲ್ಲ ಎಂದು ಹೇಳುವುದೇ ನನ್ನ ದಿನದ ಕೆಲಸ. ಸೋಮಲಿಂಗನನ್ನು ಏಳು ವರ್ಷದಿಂದ ಬಲ್ಲೆ. ಅವನ ಹೆಂಡತಿ ಗುಂಡವ್ವನ ಖಾತೆ ನಮ್ಮಲ್ಲಿದೆ. ಅವಳು ಕಟ್ಟಡದ ಕೆಲಸದಿಂದ ಸೀದಾ ಬಂದು, ಸಿಮೆಂಟು ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಾಲಿನಲ್ಲಿ ನಿಲ್ಲುತ್ತಾಳೆ. ಇವನು ಕಪ್ಪು ಕನ್ನಡಕ ಹಾಕಿಕೊಂಡು, ಮಸಿ ಬಳಿದ ಮೀಸೆಯನ್ನು ಸವರುತ್ತ, ಬಾಗಿಲಲ್ಲಿ ವಾಚ್‌ಮನ್ನನ ಎದುರು ನಿಂತಿರುತ್ತಾನೆ. “ಗುರ್ತ ಸಿಗಲಿಲ್ಲೇನು?” ಎಂದು ಮರಾಠಿಯಲ್ಲಿ ಕೇಳುತ್ತಾನೆ. ವಾಚ್‌ಮನ್ನನಿಗೆ ಗುರುತು ಸಿಕ್ಕಿದ್ದನ್ನು ನಾನು ಒಂದು ದಿನವೂ ನೋಡಿಲ್ಲ.

ಗುರುತು ಸಿಗುವುದಾದರೂ ಹೇಗೆ? ಈ ಮನುಷ್ಯ ಇನ್ನೂರಕ್ಕೂ ಹೆಚ್ಚು ಚಿತ್ರ, ಧಾರಾವಾಹಿಗಳಲ್ಲಿ ಇದ್ದಾನೆ, ಅದು ಸುಳ್ಳಲ್ಲ. ಆದರೆ ಎಲ್ಲದರಲ್ಲೂ ಸತ್ತಿದ್ದಾನೆ. ಕೆಲವುಗಳಲ್ಲಿ ಚಿತ್ರ ಶುರುವಾಗಿ ಎರಡು ನಿಮಿಷಕ್ಕೆ ಸಾಯುತ್ತಾನೆ, ಹೆಚ್ಚಿನವುಗಳಲ್ಲಿ ಶುರುವಾಗುವ ಮೊದಲೇ ಸತ್ತಿರುತ್ತಾನೆ. ಬಿಳಿ ಬಟ್ಟೆ ಹೊದ್ದು, ಮೂಗಿಗೆ ಹತ್ತಿ ಇಟ್ಟುಕೊಂಡು, ಚಟ್ಟದ ಮೇಲೆ ಮಲಗಿರುವವನೇ ನಮ್ಮ ಹಿರಿಯ ಚಿತ್ರನಟ. ಅಳುವವರ ಮೇಲೆ ಕ್ಯಾಮರಾ ಇರುತ್ತದೆ. ಇವನ ಹೆಬ್ಬೆರಳೋ ಗದ್ದವೋ ಮೂಲೆಯಲ್ಲಿ ಕಂಡರೆ ಅದೇ ದೊಡ್ಡದು.

ಇಂಡಿ ತಾಲ್ಲೂಕಿನ ಒಂದು ಹಳ್ಳಿಯಿಂದ ಇವನ ಅಪ್ಪ ಅವ್ವ ಕಲ್ಲು ಮಣ್ಣಿನ ಕೆಲಸಕ್ಕೆಂದು ಔರಂಗಾಬಾದಿಗೆ ಬಂದರು. ಈಗ ಅದು ಛತ್ರಪತಿ ಸಂಭಾಜಿನಗರ. ಅಲ್ಲಿ ಗಾರೆ ಕಲಸುತ್ತ ಹದಿನೇಳು ವರ್ಷದವನಾದಾಗ ಊರ ಹೊರಗಿನ ಕೋಟೆಗೆ ಸಿನಿಮಾದವರು ಬಂದರು. ಗೋಡೆಯ ಮೇಲಿಂದ ಸತ್ತವರಂತೆ ಹಾಸಿಗೆಯ ಮೇಲೆ ಬೀಳಲು ಹತ್ತು ಮಂದಿ ಕೂಲಿಗಳು ಬೇಕಿತ್ತು. ಒಂಬತ್ತು ಮಂದಿ ಬಿದ್ದವರೇ ಎದ್ದು ಬಟ್ಟೆ ಝಾಡಿಸಿಕೊಂಡರು, ಬೈಸಿಕೊಂಡರು. ಸೋಮಲಿಂಗ ಬಿದ್ದವನು ಹಾಗೇ ಬಿದ್ದಿದ್ದ. ಏಟು ಬಿದ್ದು ಏಳಲಾಗಲಿಲ್ಲವೋ, ಏಳಬೇಕೆಂದು ತಿಳಿಯಲಿಲ್ಲವೋ, ದೇವರೇ ಬಲ್ಲ. ಯಾರೋ ಸಹಾಯಕ ಬಂದು ಬೆನ್ನು ತಟ್ಟಿ, ಈ ಹುಡುಗ ಚೆನ್ನಾಗಿ ಸಾಯುತ್ತಾನೆ ಅಂದನಂತೆ. ಆ ಒಂದು ಮಾತನ್ನು ಇವನು ಇವತ್ತಿನವರೆಗೂ ತಾಮ್ರಪಟದ ಹಾಗೆ ಕಾಪಾಡಿಕೊಂಡು ಬಂದಿದ್ದಾನೆ. ನನಗೆ ಏನಿಲ್ಲವೆಂದರೂ ಮೂವತ್ತು ಸಲ ಹೇಳಿದ್ದಾನೆ.

ಮರುದಿನದಿಂದ ಗಾರೆಯ ಸಲಿಕೆ ಮುಟ್ಟಲು ಅವನಿಗೆ ನಾಚಿಕೆಯಾಯಿತು. ಮದುವೆ ಮಾಡಿದರೆ ಸರಿಹೋದಾನೆಂದು ಗುಂಡವ್ವನನ್ನು ತಂದರು. ಆಮೇಲೆ ಮಾಲೇಗಾಂವಿನ ಪವರ್‌ಲೂಮಿಗೆ ಹಚ್ಚಿದರು. ಅಲ್ಲಿಯೂ ಅವನ ಪಾಲಿಗೆ ಒಬ್ಬ ಮಹಿಬೂಬ ಕಾದು ಕೂತಿದ್ದ. ಮಹಿಬೂಬ ಮದುವೆಗಳ ವಿಡಿಯೋ ತೆಗೆಯುವವನು. ಶುಕ್ರವಾರ ಮಗ್ಗಗಳಿಗೆ ರಜೆ, ಅವತ್ತು ಮಗ್ಗದ ಕೂಲಿಗಳನ್ನೇ ಸೇರಿಸಿಕೊಂಡು ನಗೆಚಿತ್ರ ಮಾಡುತ್ತಿದ್ದ. ಸೋಮಲಿಂಗನ ಎತ್ತರ, ಮೀಸೆ ನೋಡಿ ನಾಯಕನ ಗೆಳೆಯನ ಪಾತ್ರ ಕೊಟ್ಟ. ಒಂದೇ ಒಂದು ಮಾತು ಇತ್ತು. ಇವನು ಬಾಯಿ ತೆರೆದದ್ದೇ ಸೈ, ಹಿಂದಿ ಇಂಡಿಯ ಸಂತೆಯಿಂದ ನಡೆದುಕೊಂಡು ಬಂದ ಹಾಗಿತ್ತು. ದುಃಖದ ಮಾತಿಗೆ ಇಡೀ ತಂಡ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹನ್ನೊಂದು ಸಲ ಹೇಳಿಸಿ ನೋಡಿದ ಮಹಿಬೂಬ, ಕಡೆಗೆ ಗೆಳೆಯನನ್ನು ಮೊದಲ ದೃಶ್ಯದಲ್ಲೇ ಸಾಯಿಸಿಬಿಟ್ಟ. ಅಂದಿನಿಂದ ಯಾರೂ ಇವನ ಬಾಯಿ ತೆರೆಸುವ ಧೈರ್ಯ ಮಾಡಲಿಲ್ಲ.

ಬುದ್ಧಿ ಇದ್ದವನು ಅಲ್ಲಿಗೆ ಬಿಡುತ್ತಿದ್ದ. ಇವನು ಅದನ್ನೇ ವಿದ್ಯೆ ಮಾಡಿಕೊಂಡ. ನಾಶಿಕದ ಸುತ್ತ ಮರಾಠಿ ಧಾರಾವಾಹಿಗಳ ಚಿತ್ರೀಕರಣ ಹೆಚ್ಚಾದಾಗ ಹೆಂಡತಿಯನ್ನು ಕರೆದುಕೊಂಡು ಸಾತಪುರಕ್ಕೆ ಬಂದು, ತಗಡಿನ ಎರಡು ಕೋಣೆಯ ಮನೆ ಹಿಡಿದ. ಅವಳು ಬುಟ್ಟಿಯಲ್ಲಿ ಇಟ್ಟಿಗೆ ಹೊತ್ತು ಮೂರನೇ ಮಹಡಿ ಹತ್ತುತ್ತಿದ್ದಳು, ಇವನು ಮನೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿ ಉಸಿರು ಹಿಡಿಯುವ ಅಭ್ಯಾಸ ಮಾಡುತ್ತಿದ್ದ. ಒಂದು ನಿಮಿಷ ಐವತ್ತು ಸೆಕೆಂಡು ಹಿಡಿಯುತ್ತಾನಂತೆ. ತುಟಿಯ ಮೇಲೆ ನೊಣ ಕೂತರೂ ಅಲುಗುವುದಿಲ್ಲವಂತೆ. “ಸಾಯೂದಂದ್ರ ಹುಡುಗಾಟಿಕಿ ಅಲ್ಲರಿ ಸಾಹೇಬರ. ಬದುಕೂದ್ ಎಲ್ಲಾರೂ ಬದುಕತಾರ” ಎಂದು ನನ್ನೆದುರು ಕೊಚ್ಚಿಕೊಂಡಿದ್ದಾನೆ. ಇಗತಪುರಿಯಲ್ಲಿ ಒಮ್ಮೆ ಚಟ್ಟದ ಮೇಲೆ ನಿದ್ದೆ ಹೋಗಿ, ನಾಯಕಿ ಎದೆಗೆ ಬಿದ್ದು ಅಳುವಾಗ ಗೊರಕೆ ಹೊಡೆದು ಕೆಲಸ ಕಳೆದುಕೊಂಡದ್ದನ್ನು ಮಾತ್ರ ಹೇಳಲಿಲ್ಲ. ಅದು ನನಗೆ ಗುಂಡವ್ವನಿಂದ ಗೊತ್ತಾಯಿತು.

ಅವನ ದೊಡ್ಡ ಹೆಗ್ಗಳಿಕೆ ಎಂದರೆ ಒಂದು ಧಾರಾವಾಹಿಯಲ್ಲಿ ಎರಡು ವರ್ಷ ಮುಖ್ಯ ಪಾತ್ರ ಮಾಡಿದ್ದು. ವಿಚಾರಿಸಿದಾಗ ತಿಳಿದದ್ದು ಇಷ್ಟು. ಒಂದು ದಿನ ಕರೆದು ಫೋಟೋ ತೆಗೆದರು, ಅದಕ್ಕೆ ಗಂಧದ ಹಾರ ಹಾಕಿ ತೀರಿಹೋದ ಮಾವನವರೆಂದು ಗೋಡೆಗೆ ತೂಗುಹಾಕಿದರು. ಎರಡು ವರ್ಷ ಸೊಸೆಯಂದಿರು ಅದರ ಕೆಳಗೆ ಜಗಳವಾಡಿದರು. ಧಾರಾವಾಹಿ ಮುಗಿದ ಮೇಲೆ ಹಾರದ ಸಮೇತ ಆ ಫೋಟೋವನ್ನು ಇವನು ಮನೆಗೆ ತಂದ. ಗುಂಡವ್ವ ಒಳಗೆ ಬಿಡಲಿಲ್ಲ. ಬದುಕಿದ ಗಂಡನಿಗೆ ಹಾರ ಹಾಕಿದ ಫೋಟೋ ಯಾವ ಹೆಂಡತಿ ಒಳಗೆ ಬಿಟ್ಟಾಳು? ಆ ಸಿಟ್ಟಿಗೆ ಮಹಾನಟರು ಎರಡು ದಿನ ಉಣ್ಣಲಿಲ್ಲ.

ಗುಂಡವ್ವನದು ಬೇರೆಯೇ ಲೆಕ್ಕಾಚಾರ. ಗಂಡ ಹೆಣವಾಗಿ ಬಂದ ದಿನ ಬಾಗಿಲ ಹೊರಗೆ ಒಂದು ಬಕೆಟ್ ನೀರು ಇಟ್ಟಿರುತ್ತಿದ್ದಳು. ಅಲ್ಲೇ ತಲೆಗೆ ಸುರಿದುಕೊಂಡು ಒಳಗೆ ಬರಬೇಕು, ಮಣ್ಣಿಗೆ ಹೋಗಿ ಬಂದವರಂತೆ. ಆದರೆ ಅವಳಿಗೆ ಅದರಲ್ಲಿ ಒಂದು ಸಮಾಧಾನವೂ ಇತ್ತು. ಬದುಕಿರುವವರನ್ನು ಸತ್ತರೆಂದು ಯಾರಾದರೂ ಅತ್ತರೆ ಅವರ ಆಯುಷ್ಯ ಹೆಚ್ಚುತ್ತದೆ ಎಂಬುದು ಅವಳ ನಂಬಿಕೆ. ನಮ್ಮ ಕಡೆಯ ಹಳಬರಲ್ಲಿ ಇದು ಇದ್ದದ್ದೇ. ಕಾಗೆ ತಲೆಗೆ ಬಡಿದರೆ ಸಾವು ಬಂತೆಂದು ಹೆದರಿ, ಹತ್ತಿರದ ಒಬ್ಬ ನೆಂಟರಿಗೆ, ಬಡಿಸಿಕೊಂಡವರು ತೀರಿಕೊಂಡರೆಂದು ಸುಳ್ಳು ಸುದ್ದಿ ಕಳಿಸುತ್ತಿದ್ದರು. ನೆಂಟರು ನಂಬಿ ಅತ್ತರೆ ಬಂದ ಸಾವು ಬಂದ ದಾರಿಯಲ್ಲೇ ಹೋಗುತ್ತದೆ, ಆಮೇಲೆ ನಿಜ ಹೇಳುವುದು. ನನ್ನ ಅಜ್ಜಿಗೂ ಒಮ್ಮೆ ಹೀಗೆ ಮಾಡಿದ್ದರು. ನಾನು ಓದಿದವನು, ಇಂಥವನ್ನೆಲ್ಲ ಬಾವಿಗೆ ಹಾಕಿ ಬಂದವನು. ಗುಂಡವ್ವ ಮಾತ್ರ, ತನ್ನ ಗಂಡನಿಗಾಗಿ ಇನ್ನೂರು ಸಲ ಅತ್ತಿದ್ದಾರೆ, ಅವನು ಸಾಹೇಬರ ಮೊಮ್ಮಕ್ಕಳನ್ನೂ ಕಳಿಸಿಕೊಟ್ಟೇ ಹೋಗುತ್ತಾನೆ ಎಂದು ಬ್ಯಾಂಕಿನಲ್ಲಿ ನನಗೇ ಹೇಳಿದ್ದಳು.

ಸಭೆಯ ನಂತರದ ಭಾನುವಾರ ನಾನು ಪರಿಚಯ ಬರೆದುಕೊಳ್ಳಲು ಅವರ ಮನೆಗೆ ಹೋದೆ. ಪಿತೃಪಕ್ಷ ಮುಗಿದು ಒಂದು ವಾರವಾಗಿತ್ತು. ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೋಮಲಿಂಗ ಕನ್ನಡಿ ಹಿಡಿದು ಮುಖ ಹಿಂಡುತ್ತ ಕೂತಿದ್ದ. ಹುಬ್ಬು ಗಂಟಿಕ್ಕುವುದು, ತುಟಿ ನಡುಗಿಸುವುದು, ಮತ್ತೆ ಸಡಿಲ ಬಿಡುವುದು. ಸನ್ಮಾನಕ್ಕೆ ಸಿದ್ಧತೆ ಎಂದುಕೊಂಡು ನನಗೆ ಹೇಸಿಗೆಯಾಯಿತು. ಒಳಗೆ ಗುಂಡವ್ವ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ವಾರದ ಹಿಂದೆ ಸಾಲಿನಲ್ಲಿ ನಿಂತಿದ್ದ ಹೆಂಗಸು ಇವಳೇನಾ ಅನ್ನುವ ಹಾಗಾಗಿದ್ದಳು. ಕೈಬಳೆಗಳು ಮೊಳಕೈಗೆ ಜಾರಿದ್ದವು.

“ಏನಾಗೇತ್ರಿ ಇವರಿಗೆ?” ಎಂದೆ.

“ಕಾಗಿ ಬಡದೈತ್ರಿ” ಅಂದ ಸೋಮಲಿಂಗ. “ಕೆಲಸದ ಮ್ಯಾಲೆ ಬುತ್ತಿ ಬಿಚ್ಚಿದಾಗ ನೆತ್ತಿಗೇ ಬಡದೈತಿ. ಆರು ದಿನಾ ಆತು. ನೀರು ಬಿಟ್ರ ಏನೂ ಒಲ್ಲೆ ಅಂತಾಳ.”

“ಡಾಕ್ಟರ್‌ಗೆ ತೋರಿಸಿದ್ರೇನು?”

“ತೋರಿಸೀನ್ರಿ. ಏನೂ ಇಲ್ಲ, ಉಣ್ಣಾಕ ಹೇಳ್ರಿ ಅಂದ್ರು. ಉಣ್ಣೂದಿಲ್ಲ. ಯಾರಿಗರ ಸುದ್ದಿ ಮುಟ್ಟಿಸಿ ಅಳಿಸಿದ ಮ್ಯಾಲೇ ಉಣತೀನಿ ಅಂತಾಳ.”

“ಮತ್ತ ಮುಟ್ಟಿಸಬೇಕಿಲ್ಲೋ?” ನನಗೆ ಆ ನಂಬಿಕೆಯ ಮೇಲಿನ ಸಿಟ್ಟಿಗಿಂತ ಇವನ ಮೇಲಿನ ಸಿಟ್ಟು ಹೆಚ್ಚಾಯಿತು. “ಆರು ದಿನದಿಂದ ಏನು ಮಾಡ್ಲಿಕ್ಕತ್ತೀರಿ?”

“ತಯಾರಿ ಮಾಡ್ಲಾಕತ್ತೀನ್ರಿ” ಎಂದು ಕನ್ನಡಿ ಕೆಳಗಿಟ್ಟ.

ಕೇಳಿದಿರಾ? ಹೆಂಡತಿ ಅನ್ನ ಬಿಟ್ಟು ಆರು ದಿನ. ಹೇಳಬೇಕಾದದ್ದು ಒಂದು ಸುಳ್ಳು. ಈ ಪುಣ್ಯಾತ್ಮ ಅದಕ್ಕೆ ಭಾವ ಕೂಡಿ ಬರಲಿ ಎಂದು ಕನ್ನಡಿ ನೋಡುತ್ತ ಕೂತಿದ್ದಾನೆ. ಮಹಿಬೂಬನ ಆ ಒಂದು ಮಾತಿನ ನಂತರ ಮೊದಲ ಸಲ ಅವನಿಗೆ ಮಾತಿರುವ ಪಾತ್ರ ಸಿಕ್ಕಿತ್ತು, ಅದನ್ನು ಕೆಡಿಸಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ಇವನ ಬಗ್ಗೆ ನನಗಿದ್ದ ತಾತ್ಸಾರಕ್ಕೆ ಇನ್ನೂ ತಳ ಸಿಕ್ಕಿಲ್ಲವೆಂದು ಆಗ ಗೊತ್ತಾಯಿತು.

“ಈಗ ಮಾಡ್ರಿ, ನನ್ನ ಮುಂದ” ಎಂದು ಗದರಿದೆ.

ಗುಂಡವ್ವನ ತಂಗಿ ಭುವನೇಶ್ವರಿ ಲಾಸಲಗಾಂವಿನ ಈರುಳ್ಳಿ ಮಾರುಕಟ್ಟೆಯಲ್ಲಿ ಗಡ್ಡೆ ಆರಿಸುವ ಕೆಲಸಕ್ಕಿದ್ದಳು. ಒಡಹುಟ್ಟಿದವಳು, ಬೇರೆ ಯಾರು ಅತ್ತರೂ ಅವಳ ಅಳುವಿನಷ್ಟು ಅದಕ್ಕೆ ಬೆಲೆ ಇಲ್ಲ. ಸೋಮಲಿಂಗ ಒಳಗೆ ಬಂದು ಹೆಂಡತಿಯ ಪಕ್ಕ ಕೂತು, ಗಂಟಲು ಸರಿ ಮಾಡಿಕೊಂಡು, ಅವಳಿಗೂ ಕೇಳಲೆಂದು ಸ್ಪೀಕರ್ ಹಾಕಿ ಫೋನು ಹಚ್ಚಿದ. ಗುಂಡವ್ವ ಕಣ್ಣು ಮುಚ್ಚಿಕೊಂಡು ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು.

“ಭುವನೇಶ್ವರೀ” ಎಂದು ಎಳೆದ. ಧ್ವನಿ ಹೊಟ್ಟೆಯ ಯಾವ ಮೂಲೆಯಿಂದ ಬಂತೋ ತಿಳಿಯದು. “ಏನಂತ ಹೇಳಲಿ ತಂಗೀ? ನನ್ನ ಬಾಳಿನ ಜ್ಯೋತಿ ನಂದಿ ಹೋಯಿತು. ನಿನ್ನ ಅಕ್ಕ ನಮ್ಮನ್ನೆಲ್ಲ ಅಗಲಿ ಹೋದಳು.” ಆಮೇಲೆ ಒಂದು ಬಿಕ್ಕು, ಇನ್ನೊಂದು ಬಿಕ್ಕು, ಮೂರನೆಯದು ಕೆಮ್ಮಾಯಿತು.

ಆ ಕಡೆಯಿಂದ ಮಾರುಕಟ್ಟೆಯ ಗದ್ದಲದ ನಡುವೆ ಭುವನೇಶ್ವರಿ ನಕ್ಕಳು. “ಮಾಮಾ, ಮತ್ತ ಯಾವ ಸೀರಿಯಲ್ಲು? ಇಲ್ಲಿ ಗಾಡಿ ಬಂದು ನಿಂತಾವು, ಕೈ ಬಿಡುವಿಲ್ಲ. ಅಕ್ಕಗ ಕೊಡ್ರಿ ಫೋನ, ಆಕಿ ಕೂಡ ಎರಡು ಮಾತ ಆಡತೀನಿ.”

“ಅಕ್ಕ ಇಲ್ಲವ್ವಾ, ಇಲ್ಲ.”

“ಕೆಲಸಕ್ಕ ಹೋಗ್ಯಾಳ? ಸಂಜಿಕ ಹಚ್ತೀನಿ ತಗೋರಿ.” ಫೋನು ಕಟ್ಟಾಯಿತು.

ಸೋಮಲಿಂಗ ನನ್ನ ಕಡೆ ನೋಡಿ, “ಇನ್ನೊಂದು ಟೇಕ್ ತಗೋತೀನ್ರಿ” ಎಂದು ಮತ್ತೆ ಹಚ್ಚಿದ. ಈ ಸಲ ಅವಳು ಎತ್ತಲೇ ಇಲ್ಲ.

ಗುಂಡವ್ವ ಗೋಡೆಯ ಕಡೆ ಹೊರಳಿದಳು. ಅವಳು ಅಳಲಿಲ್ಲ, ಬೈಯಲೂ ಇಲ್ಲ. “ನಲವತ್ತೈದು ವರ್ಷದಾಗ ಒಂದು ಸುಳ್ಳ ಹೇಳಲಾಕ ಕಲೀಲಿಲ್ಲ ನೀವು” ಅಂದಳು. “ಇಷ್ಟ ವರ್ಷ ದುಡದ್ ಹಾಕೀನಿ. ಇದೊಂದು ಕೇಳಿದ್ದೆ ನಿಮ್ಮನ್ನ.”

ಆ ಮಾತು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು, ಮುಚ್ಚಿಡುವುದೇಕೆ? ಏಳು ವರ್ಷದಿಂದ ನಾನು ಹೇಳಬೇಕೆಂದಿದ್ದನ್ನು ಹೇಳುವ ಹಕ್ಕಿದ್ದವಳು ಹೇಳಿದ್ದಳು. ಸೋಮಲಿಂಗ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಕಪ್ಪು ಕನ್ನಡಕ ತೆಗೆದಿದ್ದ. ಅದಿಲ್ಲದೆ ಅವನು ಬರೀ ಒಬ್ಬ ಮುದುಕ, ಮೀಸೆಯ ಮಸಿ ಬೆವರಿಗೆ ಇಳಿಯುತ್ತಿತ್ತು.

ಗುಂಡವ್ವ ಈ ಕಡೆ ಹೊರಳಿ ನನ್ನನ್ನು ನೋಡಿದಳು. “ಸಾಹೇಬರ, ನೀವ ಹೇಳ್ರಿ ಆಕಿಗೆ. ನೀವು ಬ್ಯಾಂಕಿನವರು. ನಿಮ್ಮ ಮಾತು ಯಾರೂ ನಗಿಚಾಟಿಕಿ ಅನ್ನೂದಿಲ್ಲ.”

“ನನಗ ಇದರಾಗ ನಂಬಿಕಿ ಇಲ್ಲವ್ವಾ” ಅಂದೆ.

“ನಿಮಗ ಇರೂದು ಬ್ಯಾಡ್ರಿ. ಆಕಿಗೆ ನಿಮ್ಮ ಮಾತಿನ ಮ್ಯಾಲ ಬಂದ್ರ ಸಾಕು. ನಾ ಸಾಯ್ತೀನ್ರಿ ಸಾಹೇಬರ, ಇಲ್ಲಂದ್ರ ಖರೇನ ಸಾಯ್ತೀನಿ.”

ಅದು ಬೆದರಿಕೆಯಲ್ಲ, ಬರಿಯ ಮಾಹಿತಿ. ಆರು ದಿನ ಅನ್ನ ಬಿಟ್ಟವಳು ಹನ್ನೆರಡು ದಿನ ಬಿಡಬಲ್ಲಳು, ಕಾಗೆಯ ಹೆಸರಿನಲ್ಲಿ ಅವಳು ಸಾಯುವುದು ನನಗೆ ಎದುರಿಗೇ ಕಾಣುತ್ತಿತ್ತು. ಬೇಗ ಮುಗಿದರೆ ಸಾಕು ಎಂದು ನನ್ನ ಫೋನು ತೆಗೆದು ಅವಳು ಹೇಳಿದ ನಂಬರಿಗೆ ಹಚ್ಚಿದೆ, ಸ್ಪೀಕರ್ ಹಾಕಿದೆ.

“ಭುವನೇಶ್ವರಿ ಮಾತಾಡೂದೇನ್ರಿ? ನಾನು ನಾಶಿಕದಿಂದ, ಸಾತಪುರದ ಬ್ಯಾಂಕಿನ ಅರವಿಂದ ಕುಲಕರ್ಣಿ ಅಂತ. ನಿಮ್ಮ ಅಕ್ಕ ಗುಂಡವ್ವ ಅವರ ಖಾತೆ ನಮ್ಮಲ್ಲೇ ಅದ.”

“ಹೌದ್ರಿ, ಹೇಳ್ರಿ.”

“ಅವರು ಇವತ್ತು ಮುಂಜಾನೆ ಹತ್ತೂವರೆಗೆ ತೀರಿಕೊಂಡ್ರು. ನಿಮ್ಮ ಮಾಮಾ ನಿಮಗ ಹೇಳಲಿಕ್ಕೆ ನೋಡಿದ್ರು, ಅವರಿಂದ ಆಗಲಿಲ್ಲ. ನಿಮ್ಮವರಿಗೆ ಯಾರ್ಯಾರಿಗೆ ತಿಳಸಬೇಕೋ ತಿಳಸ್ರಿ.”

ಸಾಲ ಮಂಜೂರಾಗಿಲ್ಲ ಎಂದು ಹೇಳುವ ಧ್ವನಿಯಲ್ಲೇ ಹೇಳಿದೆ. ನನಗೆ ಬರುವುದು ಅದೊಂದೇ. ಆ ಕಡೆ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಆಮೇಲೆ ಭುವನೇಶ್ವರಿ “ಯಕ್ಕಾ” ಎಂದು ಕೂಗಿದಳು. ಅಂಥ ಕೂಗನ್ನು ನಾನು ಅದುವರೆಗೆ ಕೇಳಿರಲಿಲ್ಲ. ಫೋನು ನೆಲಕ್ಕೆ ಬಿದ್ದ ಸದ್ದಾಯಿತು. ಅವಳು ಬಿದ್ದಲ್ಲಿಂದಲೇ ಅಕ್ಕನನ್ನು ಹೆಸರು ಹಿಡಿದು ಕರೆಯುತ್ತಿದ್ದಳು, ತನ್ನನ್ನು ಹೊತ್ತು ಬೆಳೆಸಿದ್ದನ್ನು ಹಾಡಿಕೊಂಡು ಅಳುತ್ತಿದ್ದಳು. ಪಕ್ಕದಲ್ಲಿ ಗಡ್ಡೆ ಆರಿಸುತ್ತಿದ್ದ ಹೆಂಗಸರೂ ದನಿಗೂಡಿಸಿದರು.

ಗುಂಡವ್ವ ಎದ್ದು ಕೂತಿದ್ದಳು. ತನ್ನ ಸಾವಿನ ಅಳುವನ್ನು ಒಂದು ಅಕ್ಷರ ಬಿಡದೆ ಕೇಳಿದಳು. ಅವಳ ಕಣ್ಣಿನಲ್ಲಿ ನೀರು ಬಂತು, ಮುಖಕ್ಕೆ ಕಳೆಯೂ ಬಂತು. ಸಾಕೆನಿಸುವಷ್ಟು ಕೇಳಿಸಿಕೊಂಡು ಫೋನು ಇಸಿದುಕೊಂಡು, “ಯವ್ವಾ, ಭುವನಾ, ಅಳಬ್ಯಾಡ. ನಾ ಅದೀನಿ. ಕಾಗಿ ಬಡದಿತ್ತು, ಅದಕ್ಕ” ಎಂದು ಕೂಗಿ ಕೂಗಿ ಹೇಳಿದಳು. ಅಲ್ಲಿ ಯಾರೋ ಫೋನು ಎತ್ತಿ ಅವಳ ಕಿವಿಗೆ ಹಿಡಿದಿರಬೇಕು. ಭುವನೇಶ್ವರಿ ಮೊದಲು ನಂಬಲಿಲ್ಲ, ಆಮೇಲೆ ಅಕ್ಕನನ್ನೂ ಮಾಮಾನನ್ನೂ ನನ್ನನ್ನೂ ನಮ್ಮ ಬ್ಯಾಂಕನ್ನೂ ಬಾಯಿಗೆ ಬಂದಂತೆ ಬೈದಳು, ಬೈಯುತ್ತ ಬೈಯುತ್ತ ಮತ್ತೆ ಅತ್ತಳು. ಇಬ್ಬರೂ ನಗುವ ಹೊತ್ತಿಗೆ ಸೋಮಲಿಂಗ ಒಲೆ ಹಚ್ಚಿ ಅನ್ನಕ್ಕೆ ಇಟ್ಟಿದ್ದ.

ಗುಂಡವ್ವ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಉಂಡಳು. ಸೋಮಲಿಂಗ ನನ್ನ ಹತ್ತಿರ ಬಂದು ಕೂತ. “ಹತ್ತೂವರೆ ಅಂತ ಯಾಕಂದ್ರಿ?” ಎಂದು ಕೇಳಿದ. ಸುಮ್ಮನೆ ಬಾಯಿಗೆ ಬಂತು ಅಂದೆ. ಅವನು ಬಹಳ ಹೊತ್ತು ತಲೆ ಆಡಿಸಿದ. “ನಾ ಜ್ಯೋತಿ, ಬಾಳು ಅಂತ ಏನೇನೋ ಸೇರಿಸಿದೆ. ನೀವು ಟೈಮ್ ಹೇಳಿಬಿಟ್ರಿ” ಅಂದ. ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ನನ್ನ ಕಿವಿಯಲ್ಲಿ ಇನ್ನೂ ಆ ಕೂಗೇ ಇತ್ತು, ಅದು ನನ್ನ ಎರಡು ಸಾಲಿನಿಂದ ಬಂದದ್ದೆಂಬುದು ಮೈಯೆಲ್ಲ ಜುಮ್ಮೆನ್ನಿಸುತ್ತಿತ್ತು. ಮೂವತ್ತು ವರ್ಷದಿಂದ ಜನರಿಗೆ ಇಲ್ಲ ಇಲ್ಲ ಎಂದು ಹೇಳುತ್ತ ಬಂದಿದ್ದೇನೆ, ಯಾರೂ ಹಾಗೆ ನನ್ನ ಮಾತಿಗೆ ನೆಲಕ್ಕೆ ಬಿದ್ದಿರಲಿಲ್ಲ.

“ಗುಂಡವ್ವಾ, ನಿಮ್ಮ ಅಣ್ಣ ಒಬ್ಬರು ಊರಾಗ ಅದಾರಲ್ಲ?” ಎಂದೆ. “ಅವರಿಗೂ ಒಂದು ಹೇಳಿಬಿಡೂಣೇನು? ನಂಬರ್ ಕೊಡ್ರಿ.”

ಗುಂಡವ್ವ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು. “ಬ್ಯಾಡ್ರಿ ಸಾಹೇಬರ. ನಾ ಉಳಿದೆ. ಇನ್ನ ಮಂದೀನ ಯಾಕ ಅಳಸ್ತೀರಿ?”

ನನ್ನ ಬೆರಳು ಫೋನಿನ ಮೇಲೆಯೇ ಇತ್ತು. ಸೋಮಲಿಂಗ ಅದನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಬ್ಯಾಂಕಿನ ಬಾಗಿಲಲ್ಲಿ ನಾನು ಅವನನ್ನು ಹೇಗೆ ನೋಡುತ್ತಿದ್ದೆನೋ ಹಾಗೇ ನೋಡಿದ.

“ಹಿಂಗ ನೋಡ್ರಿ ಈ ಹುಚ್ಚ ಹತ್ತೂದು” ಅಂದ. “ನನಗೂ ಹಿಂಗ ಹತ್ತಿದ್ದು.”